ಸಾರಾ ಸಿಮೆಯೋನಿಯ 2.01 ಮೀಟರ್: ಇಸವಿಗಳ ಗೊಂದಲ, ಫ್ಲಾಪ್ ತಂತ್ರ, ನಮ್ಮ ಹುಡುಗಿಯರ ಓಟದ ಗುರುತು

ಕೊತ್ರೂಡ್ ಕನ್ನಡತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಕನ್ನಡ ಮನೆಗಳ ಆರು ಹುಡುಗಿಯರು ಶಾಲಾ ಮಟ್ಟದ ಹೈಜಂಪ್‌ಗೆ ತಯಾರಾಗುತ್ತಿದ್ದಾರೆ. ವಯಸ್ಸು 14ರಿಂದ 16. ಮೊದಲ ದಿನ ಅವರಿಗೆ ಇಟಲಿಯ ಸಾರಾ ಸಿಮೆಯೋನಿ ಬಗ್ಗೆ ಅರ್ಧ ಗಂಟೆ ಹೇಳಿ, ಆಮೇಲೆ ಮೈದಾನಕ್ಕೆ ಇಳಿಸಬೇಕು ಅಂತಿದ್ದೇನೆ. ನಾಲ್ಕು ವಿಷಯಗಳಲ್ಲಿ ಸಹಾಯ ಬೇಕು.

ಒಂದು, 2.01ರ ವಿಶ್ವದಾಖಲೆ ಒಂದು ಕಡೆ ಬ್ರೆಷಿಯಾ ಅಂತ ಇದೆ, ಇನ್ನೊಂದು ಕಡೆ ಪ್ರಾಗ್ ಅಂತ ಇದೆ. ಯಾವುದು ಸರಿ? ಎರಡು, 1976ರ ಮಾಂಟ್ರಿಯಲ್‌ನಲ್ಲಿ ಅವರೂ 1.91, ಕಂಚು ಗೆದ್ದವರೂ 1.91. ಹಾಗಿದ್ದರೆ ಬೆಳ್ಳಿ ಹೇಗೆ ಬಂತು? ಮೂರು, ಅವರ ಎದುರಾಳಿ ಆಕರ್ಮನ್ ಬೇರೆ ಶೈಲಿಯಲ್ಲಿ ಹಾರುತ್ತಿದ್ದರಂತೆ, ವ್ಯತ್ಯಾಸ ಏನು? ನಾಲ್ಕನೆಯದೇ ಮುಖ್ಯ. ಗುಂಪಿನಲ್ಲಿ ಚೆನ್ನಾಗಿ ಹಾರುವ ಹುಡುಗಿಯ ಎತ್ತರ 1.62, ಈಗ 1.45 ದಾಟುತ್ತಾಳೆ, ಟೇಕಾಫ್ (ಕೊನೆಯ ಹೆಜ್ಜೆ ಊರಿ ಮೇಲೆ ಜಿಗಿಯುವುದು) ಎಡಗಾಲಿನಲ್ಲಿ. ಅವಳಿಗೆ ಎಂಟು ಹೆಜ್ಜೆಯ ಓಟದ ಗುರುತು ಟೇಪ್ ಹಿಡಿದು ಎಲ್ಲಿ ಹಾಕಬೇಕು? "ಕುಳ್ಳಿ, ಹೈಜಂಪ್ ನಿನಗಲ್ಲ" ಅಂತ ಅವಳಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಅದಕ್ಕೂ ಲೆಕ್ಕ ಇಟ್ಟು ಉತ್ತರ ಕೊಡಬೇಕಾಗಿದೆ.

ಮಾಟುಂಗಾ ರೋಡ್ ಉತ್ತರಿಸಿದ್ದು:

ಬ್ರೆಷಿಯಾ, ಪ್ರಾಗ್ ಎರಡೂ ಸರಿ ಮೇಡಂ. 1978ರ ಆಗಸ್ಟ್ 4ರಂದು ಬ್ರೆಷಿಯಾದಲ್ಲಿ ಇಟಲಿ–ಪೋಲೆಂಡ್ ಪಂದ್ಯದಲ್ಲಿ ಸಿಮೆಯೋನಿ 2.01 ಹಾರಿ ವಿಶ್ವದಾಖಲೆ ಮಾಡಿದರು. ಅದೇ ತಿಂಗಳ 31ರಂದು ಪ್ರಾಗ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ 2.01 ಹಾರಿ ತಮ್ಮದೇ ದಾಖಲೆಯನ್ನು ಸರಿಗಟ್ಟಿದರು. ಮಕ್ಕಳಿಗೆ ಹೇಳುವಾಗ ಪ್ರಾಗ್ ಮೇಲೆ ಹೆಚ್ಚು ಒತ್ತು ಕೊಡಿ. ಬ್ರೆಷಿಯಾದ್ದು ತವರಿನ ಪಂದ್ಯ. ಪ್ರಾಗ್‌ನಲ್ಲಿ ಎದುರಿಗಿದ್ದವರು ಪೂರ್ವ ಜರ್ಮನಿಯ ರೋಸ್‌ಮರಿ ಆಕರ್ಮನ್. 1977ರ ಆಗಸ್ಟ್ 26ರಂದು ಪಶ್ಚಿಮ ಬರ್ಲಿನ್‌ನಲ್ಲಿ 2.00 ದಾಟಿದ ಜಗತ್ತಿನ ಮೊದಲ ಮಹಿಳೆ ಅವರು. ಪ್ರಾಗ್‌ನಲ್ಲಿ ಆಕರ್ಮನ್ 1.99ಕ್ಕೆ ನಿಂತರು, ಸಿಮೆಯೋನಿ 2.01ಕ್ಕೆ ಹೋದರು. ಒಬ್ಬಳು ಹುಡುಗಿ 27 ದಿನಗಳ ಅಂತರದಲ್ಲಿ ಎರಡು ಊರುಗಳಲ್ಲಿ, ಒಂದು ಸಲ ಆರಾಮದಲ್ಲಿ, ಇನ್ನೊಂದು ಸಲ ಒತ್ತಡದಲ್ಲಿ ಒಂದೇ ಎತ್ತರ ದಾಟಿದಳು ಅಂದರೆ ಅವಳ ಓಟ ಎಷ್ಟು ಪಕ್ಕಾ ಇತ್ತು ಅನ್ನುವುದೇ ನನಗೆ ಇಲ್ಲಿ ಪಾಠವಾಗಿ ಕಾಣುತ್ತದೆ.

ಉಳಿದ ಇಸವಿಗಳನ್ನು ಸರಿಯಾಗಿ ಬರೆದುಕೊಳ್ಳಿ. ಹುಟ್ಟಿದ್ದು 1953ರ ಏಪ್ರಿಲ್ 19ರಂದು, ವೆರೋನಾ ಪ್ರಾಂತ್ಯದ ರಿವೋಲಿ ವೆರೊನೇಸೆಯಲ್ಲಿ. ಎತ್ತರ 1.78. ಚಿಕ್ಕಂದಿನಲ್ಲಿ ಬ್ಯಾಲೆ ನೃತ್ಯ ಕಲಿತು, ಆಮೇಲೆ ಅಥ್ಲೆಟಿಕ್ಸ್‌ಗೆ ಬಂದವರು. ತರಬೇತುದಾರ ಎರ್ಮಿನಿಯೋ ಅಜ್ಜಾರೊ. 1969ರ ಅಥೆನ್ಸ್ ಯುರೋಪಿಯನ್‌ನಲ್ಲಿ ಕಂಚು ಗೆದ್ದ ಹೈಜಂಪರ್ ಆತ, ಮುಂದೆ ಸಿಮೆಯೋನಿಯ ಕೈ ಹಿಡಿದವರೂ ಅವರೇ. 1972ರ ಮ್ಯೂನಿಕ್‌ನಲ್ಲಿ 1.85 ಹಾರಿ ಆರನೆಯ ಸ್ಥಾನ. 1974ರ ರೋಮ್ ಯುರೋಪಿಯನ್‌ನಲ್ಲಿ 1.89, ಕಂಚು. 1976ರ ಮಾಂಟ್ರಿಯಲ್‌ನಲ್ಲಿ 1.91, ಬೆಳ್ಳಿ, ಚಿನ್ನ 1.93ರೊಂದಿಗೆ ಆಕರ್ಮನ್‌ಗೆ. 1980ರ ಮಾಸ್ಕೋದಲ್ಲಿ 1.97, ಒಲಿಂಪಿಕ್ ದಾಖಲೆ ಮತ್ತು ಚಿನ್ನ. 1982ರ ಅಥೆನ್ಸ್ ಯುರೋಪಿಯನ್‌ನಲ್ಲಿ 1.97, ಕಂಚು. 1984ರ ಲಾಸ್ ಏಂಜಲೀಸ್‌ನಲ್ಲಿ 2.00, ಬೆಳ್ಳಿ, ಆಗ ವಯಸ್ಸು 31. ಯುರೋಪಿನ ಒಳಾಂಗಣ ಚಾಂಪಿಯನ್ ಆಗಿದ್ದು ನಾಲ್ಕು ಸಲ: 1977, 1978, 1980, 1981. 1986ರಲ್ಲಿ ನಿವೃತ್ತಿ.

ಮಾಸ್ಕೋ ಬಗ್ಗೆ ಮಕ್ಕಳು ಖಂಡಿತ ಪ್ರಶ್ನೆ ಕೇಳುತ್ತಾರೆ, ಯಾಕೆಂದರೆ ಪದಕ ಪ್ರದಾನದ ಚಿತ್ರಗಳಲ್ಲಿ ಇಟಲಿಯ ಬಾವುಟ ಕಾಣುವುದಿಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಬಹಿಷ್ಕಾರ ನಡೆದ ಕೂಟ ಅದು. ಇಟಲಿ ಸರ್ಕಾರ ಬಹಿಷ್ಕಾರದ ಕಡೆಗಿತ್ತು, ಅಲ್ಲಿನ ಒಲಿಂಪಿಕ್ ಸಮಿತಿ ಮಾತ್ರ ತಂಡ ಕಳಿಸಿತು. ಸೇನೆಯ ಕ್ರೀಡಾಪಟುಗಳಿಗೆ ಹೋಗಲಾಗಲಿಲ್ಲ, ಹೋದವರು ಒಲಿಂಪಿಕ್ ಬಾವುಟದಡಿ ಆಡಿದರು. ನಾಲ್ಕು ವರ್ಷ ಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಇಟಲಿಯ ಬಾವುಟ ಹಿಡಿದು ತಂಡದ ಮುಂದೆ ನಡೆದವರು ಇದೇ ಸಿಮೆಯೋನಿ.

ಇನ್ನೊಂದು ಹೆಸರನ್ನು ಬಿಡಬೇಡಿ, ಉಲ್ರಿಕೆ ಮೈಫಾರ್ಟ್. 1972ರ ಮ್ಯೂನಿಕ್‌ನಲ್ಲಿ 16ನೇ ವಯಸ್ಸಿಗೆ 1.92 ಹಾರಿ ಚಿನ್ನ ಗೆದ್ದ ಪಶ್ಚಿಮ ಜರ್ಮನಿಯ ಹುಡುಗಿ. ಮಧ್ಯದಲ್ಲಿ ಎಷ್ಟೋ ವರ್ಷ ಹಿಂದೆ ಬಿದ್ದು, 1982ರ ಸೆಪ್ಟೆಂಬರ್ 8ರಂದು ಅಥೆನ್ಸ್‌ನಲ್ಲಿ 2.02 ಹಾರಿ ಸಿಮೆಯೋನಿಯ ದಾಖಲೆಯನ್ನು ಅಳಿಸಿದರು. 1984ರಲ್ಲಿ ಮತ್ತೆ 2.02 ಹಾರಿ ಚಿನ್ನ. ಅಂದರೆ ಮೈಫಾರ್ಟ್‌ರ ಎರಡು ಚಿನ್ನಗಳ ನಡುವೆ 12 ವರ್ಷ, ಎರಡೂ ಫೈನಲ್‌ಗಳಲ್ಲಿ ಸಿಮೆಯೋನಿ ಇದ್ದರು. 1984ಕ್ಕೆ ಮೊದಲಿನ ಋತುವಿನಲ್ಲಿ, ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಸಿಮೆಯೋನಿಗೆ ಫೈನಲ್‌ವರೆಗೆ ಬರಲಾಗಿರಲಿಲ್ಲ. ಅಲ್ಲಿಂದ ಎದ್ದು ಬಂದು ಮರುವರ್ಷ 2.00 ಹಾರಿದ್ದನ್ನು ನಾನು ಮಾಸ್ಕೋ ಚಿನ್ನಕ್ಕಿಂತ ಒಂದು ಕೂದಲೆಳೆ ಮೇಲೆ ಇಡುತ್ತೇನೆ.

ಬೆಳ್ಳಿಯ ಪ್ರಶ್ನೆಗೆ ಉತ್ತರ ಸರಳ. ಇಬ್ಬರು ಒಂದೇ ಎತ್ತರದಲ್ಲಿ ನಿಂತರೆ, ಕೊನೆಗೆ ದಾಟಿದ ಆ ಎತ್ತರದಲ್ಲಿ ಯಾರ ತಪ್ಪು ಕಡಿಮೆಯೋ ಅವರು ಮುಂದೆ. ಅಲ್ಲೂ ಸಮ ಆದರೆ, ಆ ಎತ್ತರದವರೆಗಿನ ಒಟ್ಟು ತಪ್ಪುಗಳನ್ನು ಎಣಿಸುತ್ತಾರೆ. ಅದೂ ಸಮ ಆಗಿ, ಮೊದಲ ಸ್ಥಾನದ ಪ್ರಶ್ನೆ ಇದ್ದರೆ ಮಾತ್ರ ಜಂಪ್-ಆಫ್, ಅಂದರೆ ಸಮ ಆದವರೇ ಮತ್ತೆ ಹಾರಿ ತೀರ್ಮಾನ. ಉಳಿದ ಸ್ಥಾನಗಳನ್ನು ಹಂಚಿಕೊಳ್ಳುತ್ತಾರೆ. ಮಾಂಟ್ರಿಯಲ್‌ನಲ್ಲಿ ಬಲ್ಗೇರಿಯಾದ ಬ್ಲಾಗೊಯೆವಾ ಎದುರು ಈ ಎಣಿಕೆ ಸಿಮೆಯೋನಿಗೆ ಬೆಳ್ಳಿ ತಂದಿತು. 1982ರ ಅಥೆನ್ಸ್‌ನಲ್ಲಿ ಅದೇ ಎಣಿಕೆ ತಿರುಗಿಬಿತ್ತು: ಸೋವಿಯತ್‌ನ ತಮಾರಾ ಬೈಕೋವಾ ಕೂಡ 1.97, ಬೆಳ್ಳಿ ಅವರ ಪಾಲಾಯಿತು. ಆದ್ದರಿಂದ ಹುಡುಗಿಯರಿಗೆ ಮೊದಲ ದಿನವೇ ಹೇಳಿ, 1.30ರಲ್ಲಿ ಅಸಡ್ಡೆಯಿಂದ ಬೀಳಿಸಿದ ಬಾರ್ ಕೊನೆಯಲ್ಲಿ ಪದಕ ಕಿತ್ತುಕೊಳ್ಳುತ್ತದೆ.

ಕೊತ್ರೂಡ್ ಕನ್ನಡತಿ ಉತ್ತರಿಸಿದ್ದು:

ತುಂಬಾ ಉಪಕಾರವಾಯಿತು ಸರ್. ಸತತ ಮೂರು ತಪ್ಪಿಗೆ ಔಟ್ ಅನ್ನುವುದು ಎತ್ತರ ಬದಲಾದರೂ ಮುಂದುವರಿಯುತ್ತದಾ?

ಮಾಟುಂಗಾ ರೋಡ್ ಉತ್ತರಿಸಿದ್ದು:

ಹೌದು. 1.50ರಲ್ಲಿ ಒಂದು ತಪ್ಪು ಮಾಡಿ, ಪಾಸ್ ಹೇಳಿ (ಆ ಎತ್ತರದ ಉಳಿದ ಯತ್ನ ಬಿಟ್ಟು) 1.53ಕ್ಕೆ ಹೋದರೆ, ಅಲ್ಲಿ ಉಳಿಯುವುದು ಎರಡೇ ಯತ್ನ. ಪಾಸ್ ಹೇಳುವ ಆಟವನ್ನು ಈ ವಯಸ್ಸಿನವರಿಗೆ ಕಲಿಸಬೇಡಿ, ಪ್ರತಿ ಎತ್ತರವನ್ನೂ ಹಾರಲಿ. ಹೆಸರು ಕರೆದ ಮೇಲೆ, ಕಣದಲ್ಲಿ ಮೂರಕ್ಕಿಂತ ಹೆಚ್ಚು ಜನ ಇದ್ದರೆ, ಒಂದು ನಿಮಿಷದೊಳಗೆ ಓಟ ಶುರುವಾಗಬೇಕು. ಇದನ್ನು ಅಭ್ಯಾಸದಲ್ಲೇ ಗಡಿಯಾರ ಇಟ್ಟು ರೂಢಿ ಮಾಡಿಸಿ.

ಧಾರವಾಡದ ಗಾಳಿ ಉತ್ತರಿಸಿದ್ದು:

ನಮಸ್ಕಾರ್ರೀ ಅಕ್ಕಾರ. ಮೂರನೇದು, ನಾಲ್ಕನೇದು ನಾ ಹೇಳ್ತೀನಿ.

ಆಕರ್ಮನ್ ಹಾರತಿದ್ದದ್ದು ಸ್ಟ್ರ್ಯಾಡಲ್. ಓರೆಯಾಗಿ ನೇರ ಓಡಿ ಬರೋದು, ಬಾರಿಗೆ ಹತ್ತಿರದ ಕಾಲಿಂದ ಟೇಕಾಫ್, ದೂರದ ಕಾಲು ನೆಟ್ಟಗ ಮ್ಯಾಲ ಬೀಸಿ, ಹೊಟ್ಟಿ ಕೆಳಗ ಮಾಡಿ ಬಾರಿನ ಮ್ಯಾಲ ಹೊರಳೋದು. ಫ್ಲಾಪ್ ಇದಕ್ಕ ಪೂರಾ ಉಲ್ಟಾ. ಓಟದ ಕೊನೀ ಭಾಗ ಬಾಗಿರತೈತಿ, ಟೇಕಾಫ್ ಬಾರಿನಿಂದ ದೂರದ ಕಾಲಿಂದ, ಬೆನ್ನು ಬಾರಿನ ಕಡೆ. 1968ರಾಗ ಮೆಕ್ಸಿಕೋ ಒಲಿಂಪಿಕ್ಸ್‌ನಾಗ ಡಿಕ್ ಫಾಸ್ಬರಿ 2.24 ಹಾರಿ ಚಿನ್ನ ಗೆದ್ದ ಮ್ಯಾಲ ಇದು ಅವರ ಹೆಸರಿನಾಗ ಜಗತ್ತಿಗೇ ಗೊತ್ತಾತು. ಆದ್ರ ಸ್ಟ್ರ್ಯಾಡಲ್ ಅವತ್ತೇ ಸತ್ತಿತು ಅಂತ ತಿಳ್ಕೋಬ್ಯಾಡ್ರಿ. 1978ರಾಗ ಮಿಲಾನ್‌ನ ಒಳಾಂಗಣ ಯುರೋಪಿಯನ್‌ನಾಗ ಸೋವಿಯತ್‌ನ ಯಾಶ್ಚೆಂಕೋ ಸ್ಟ್ರ್ಯಾಡಲ್‌ನಾಗ 2.35 ಹಾರಿದ. ಅದೇ ಕೂಟದಾಗ ಸಿಮೆಯೋನಿ ಫ್ಲಾಪ್‌ನಾಗ ಮಹಿಳಾ ಚಿನ್ನ ಗೆದ್ರು. ಪ್ರಾಗ್‌ನಾಗೂ ಹಂಗ, ಗಂಡಸರ ಚಿನ್ನ ಸ್ಟ್ರ್ಯಾಡಲ್ ಯಾಶ್ಚೆಂಕೋಗ, ಹೆಂಗಸರ ಚಿನ್ನ ಫ್ಲಾಪ್ ಸಿಮೆಯೋನಿಗ. ಸ್ಟ್ರ್ಯಾಡಲ್ ತಪ್ಪು ಶೈಲಿ ಅಲ್ಲರೀ, ಕಲಿಯಾಕ ವರ್ಷಗಟ್ಟಲೆ ಬೇಕು. ಫ್ಲಾಪ್ ಬ್ಯಾಗ ಬರತೈತಿ, ಮತ್ತ ಓಟದ ವೇಗಾನ ಪೂರಾ ಬಳಸಿಕೊಳ್ಳತೈತಿ. ಅದಕ್ಕ ಅದು ಉಳೀತು.

ಈಗ ಗುರುತು. ಹುಡುಗಿ ಎಡಗಾಲ ಟೇಕಾಫ್ ಅಂದ್ರಿ, ಹಂಗಾದ್ರ ಬಾರಿಗೆ ಮುಖ ಮಾಡಿ ನಿಂತಾಗ ಬಲಗಡೆಯಿಂದ ಓಡಿ ಬರಬೇಕು. ಟೇಪು, ಒಂಬತ್ತು ಮೀಟರ್ ಹಗ್ಗ, ನಾಲ್ಕು ಬಣ್ಣದ ಟೇಪಿನ ತುಂಡು ತಗೊಳ್ರಿ.

ಮೊದಲ ಟೇಕಾಫ್ ಜಾಗ: ಬಲಗಡೆ ಕಂಬದಿಂದ ಒಳಗ 0.8 ಮೀಟರ್, ಬಾರಿನಿಂದ ಹಿಂದ 0.7 ಮೀಟರ್. ಆಮ್ಯಾಲ ಬಲ ಕಂಬದಿಂದ ಬಾರಿನ ಗೆರಿ ಮ್ಯಾಲೇ ಹೊರಗಡೆ 2.6 ಮೀಟರ್ ಹೋಗ್ರಿ. ಅಲ್ಲಿಂದ ಲಂಬಕೋನದಾಗ ಹಿಂದ 7.8 ಮೀಟರ್ ಅಳದ್ರ ಬಾಗು ಶುರುವಾಗೋ ಗುರುತು. ಅದೇ ಗೆರಿ ಮ್ಯಾಲ ಇನ್ನೂ ಹಿಂದ, ಒಟ್ಟ 12.6 ಮೀಟರ್‌ಗೆ ಓಟ ಶುರುವಾಗೋ ಗುರುತು. ಬಾಗು ಗುರುತಿನಿಂದ ಬಾರಿಗೆ ಸಮಾಂತರವಾಗಿ ಎಡಕ್ಕ 9 ಮೀಟರ್ ಹೋಗಿ ಹಗ್ಗದ ತುದಿ ಹಿಡಕೊಂಡು ಕೂಡ್ರಿ, ಇನ್ನೊಂದು ತುದಿ ತಿರುಗಿಸಿದ್ರ ಅದು ಸೀದಾ ಟೇಕಾಫ್ ಜಾಗಕ್ಕ ಬಂದು ಮುಟ್ಟತೈತಿ. ಮುಟ್ಟಲಿಲ್ಲಂದ್ರ ಲಂಬಕೋನ ಸರಿ ಹಾಕಿಲ್ಲ, ಮತ್ತ ಅಳೀರಿ.

ಓಟ ಎಂಟು ಹೆಜ್ಜಿ. ಮೊದಲ ಹೆಜ್ಜಿ ಬಲಗಾಲು, ಎಂಟನೇದು ಎಡಗಾಲು. ಮೂರು ಹೆಜ್ಜಿ ನೇರ, ಸುಮಾರು 1.6 ಮೀಟರಿನವು. ಐದು ಹೆಜ್ಜಿ ಬಾಗಿನ ಮ್ಯಾಲ, ಆ ಬಾಗಿನ ಉದ್ದ 8.2 ಮೀಟರ್ ಆಗತೈತಿ. ಈ ಲೆಕ್ಕದಾಗ ಟೇಕಾಫ್ ಹೊತ್ತಿಗೆ ಹುಡುಗಿ ಬಾರಿಗೆ ಸುಮಾರು 38 ಡಿಗ್ರಿ ಓರೆಯಾಗಿ ಬಂದಿರ್ತಾಳ. ಇದು ಶುರುವಿನ ಅಳತಿ ಅಷ್ಟೇ, ಆಕಿ ಹೆಜ್ಜಿಗೆ ತಕ್ಕಂಗ ಸರಿಸಬೇಕು.

ಸರಿಸೋದು ಹೆಂಗ ಅನ್ನೋದ್ರಾಗ ಎಲ್ಲಾರೂ ಎಡವ್ತಾರ. ಒಂದು ಸಲ ಓಡಿಸಿ, "ಹತ್ತಿರ ಆತು, ಹಿಂದ ಸರಿ" ಅನ್ನಬ್ಯಾಡ್ರಿ. ಬಾರ್ ಇಲ್ಲದ ಐದು ಸಲ ಓಡಿಸ್ರಿ, ಐದೂ ಸಲ ಎಡಗಾಲಿನ ಬೆರಳ ತುದಿ ಎಲ್ಲಿ ಬಿತ್ತು ಅಂತ ಗುರುತು ಮಾಡ್ರಿ. ಐದೂ ಗುರುತು ಒಂದು ಗೇಣಿನೊಳಗ ಇದ್ದು, ಎಲ್ಲಾ 20 ಸೆಂಟಿಮೀಟರ್ ಮುಂದ ಬಿದ್ದಿದ್ರ, ಆಗ ಓಟದ ಗುರುತು, ಬಾಗಿನ ಗುರುತು ಎರಡೂ 20 ಸೆಂಟಿಮೀಟರ್ ಹಿಂದ ಸರಿಸ್ರಿ. ಗುರುತು ಅರ್ಧ ಮೀಟರ್ ಚೆದುರಿದ್ರ ಟೇಪು ಮುಟ್ಟಬ್ಯಾಡ್ರಿ. ಅದು ಗುರುತಿನ ತಪ್ಪಲ್ಲ, ಮೊದಲ ಎರಡು ಹೆಜ್ಜಿ ಒಂದೊಂದು ಸಲ ಒಂದೊಂದು ಥರ ಬೀಳಾಕತ್ತಾವ. ಕುಣದು, ಜಿಗದು ಓಟ ಶುರು ಮಾಡೋ ಹುಡುಗ್ಯಾರಿಗೆ ಇದು ಸಾಮಾನ್ಯ. ನಿಂತಲ್ಲಿಂದಲೇ ಬಲಗಾಲು ಮುಂದಿಟ್ಟು ಶುರು ಮಾಡಿಸ್ರಿ.

ಬಾಗಿನ ಮ್ಯಾಲ ಮೈ ಒಳಗಡೆ, ಅಂದ್ರ ಬಾರಿನಿಂದ ದೂರಕ್ಕ, ವಾಲಿರಬೇಕು. ಸೆಕೆಂಡಿಗೆ 6 ಮೀಟರ್ ವೇಗದಾಗ 9 ಮೀಟರ್ ತ್ರಿಜ್ಯದ ಬಾಗು ಓಡಿದ್ರ ವಾಲಿಕಿ ಸುಮಾರು 22 ಡಿಗ್ರಿ ಬರತೈತಿ. ಸೊಂಟದಾಗ ಮುರಿಯೋದಲ್ಲ, ಪಾದದಿಂದ ತಲಿತನಕ ಒಂದ ಗೆರಿ. ಈ ವಾಲಿಕೀನ ಫ್ಲಾಪ್‌ನ ಜೀವ. ಟೇಕಾಫ್‌ನಾಗ ಮೈ ವಾಲಿದ್ದು ನೆಟ್ಟಗಾಗೋ ಹೊತ್ತಿಗೇ ಬಾರಿನ ಮ್ಯಾಲ ತಿರುಗಾಕ ಬೇಕಾದ ಹೊರಳು ಸಿಗತೈತಿ. ಕೊನೀ ಎರಡು ಹೆಜ್ಜಿಯಾಗ ಹೆದರಿ ಬಾಗು ಬಿಟ್ಟು ಬಾರಿನ ಕಡೆ ನೇರ ನುಗ್ಗಿದ್ರ ವಾಲಿಕಿ ಹೋತು, ಮ್ಯಾಲ ಹೋಗೋ ಬದಲಿ ಬಾರಿನ ಮ್ಯಾಲ ಬೀಳ್ತಾರ.

ಕೊನೀ ಮಾತು ಪಾದದ್ದು. ಎಡಪಾದ ಊರೋವಾಗ ಬೆರಳು ಓಟದ ದಿಕ್ಕಿಗೇ ಇರಲಿ, ಅಂದ್ರ ಮ್ಯಾಟಿನ ಆ ಕಡೆ ದೂರದ ಮೂಲಿ ನೋಡಲಿ. ಬೆನ್ನು ತಿರುಗಿಸೋ ಅವಸರದಾಗ ಪಾದಾನ ಬಾರಿಗೆ ಸಮಾಂತರ ಇಟ್ರ ಕಣಕಾಲಿನ ಒಳಗಡೆ ಎಳೆತ ಬಿದ್ದು, ವಾರದಾಗ ಹುಡುಗಿ ಕುಂಟಾಕತ್ತತಾಳ.

ಪೊಂಡಾ ಘಾಟ್ ಉತ್ತರಿಸಿದ್ದು:

ಮೇಲಿನ ಅಳತೆಗಳಿಗೆ ನನ್ನ ಸಹಮತ ಇದೆ. ಆದರೆ ಹಾರುವುದಕ್ಕೆ ಮೊದಲು ಬೀಳುವ ಜಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ಗೋವಾದಲ್ಲೂ ಪುಣೆಯಲ್ಲೂ ಎಷ್ಟೋ ಶಾಲೆಗಳಲ್ಲಿ ಮರಳಿನ ಗುಂಡಿ ಮಾತ್ರ ಇದೆ. ಮರಳಿನ ಮೇಲೆ ಫ್ಲಾಪ್ ಬೇಡವೇ ಬೇಡ. ಬೆನ್ನು ಕುತ್ತಿಗೆ ಮೊದಲು ಬೀಳುವ ಶೈಲಿ ಇದು. ಮರಳಲ್ಲಿ ಸಿಸರ್ಸ್ (ಕತ್ತರಿಯಂತೆ ಒಂದೊಂದೇ ಕಾಲು ಬಾರಿನಾಚೆ ದಾಟಿಸುವ ಶೈಲಿ) ಮಾತ್ರ, ಕಾಲ ಮೇಲೆ ಇಳಿಯುವಂತೆ. ಅದೂ ವ್ಯರ್ಥ ಅಲ್ಲ: ಅದೇ 9 ಮೀಟರ್ ಬಾಗಿನ ಮೇಲೆ ಐದು ಹೆಜ್ಜೆ ಓಡಿ ಸಿಸರ್ಸ್ ಹಾರಿಸಿದರೆ ಟೇಕಾಫ್ ಕಾಲು, ವಾಲಿಕೆ, ಮೊಣಕಾಲು ಎತ್ತುವುದು ಎಲ್ಲವೂ ಫ್ಲಾಪ್‌ನದೇ ಅಭ್ಯಾಸ. ಸಿಸರ್ಸ್‌ನಲ್ಲಿ 1.30 ನೆಟ್ಟಗೆ ಹಾರುವವಳಿಗೆ ಫ್ಲಾಪ್‌ನಲ್ಲಿ 1.45 ದೂರ ಇಲ್ಲ.

ಮ್ಯಾಟ್ ಇದ್ದರೆ ಅಳತೆ ನೋಡಿ. ಸಾಮಾನ್ಯ ಸ್ಪರ್ಧೆಗೂ ಕನಿಷ್ಠ 5 ಮೀಟರ್ ಉದ್ದ, 3 ಮೀಟರ್ ಅಗಲ, 0.7 ಮೀಟರ್ ಎತ್ತರ ಬೇಕು. ಎರಡು ಮೂರು ಫೋಮ್ ಬ್ಲಾಕ್ ಜೋಡಿಸಿದ್ದಾದರೆ ಹತ್ತು ಹಾರಾಟದೊಳಗೆ ನಡುವೆ ಬಿರುಕು ಬಿಡುತ್ತದೆ. ಸುತ್ತ ಪಟ್ಟಿ ಬಿಗಿದು ಮೇಲೆ ಒಂದೇ ಹೊದಿಕೆ ಹಾಕಿ. ಮಧ್ಯೆ ಮಧ್ಯೆ ಕೈ ಹಾಕಿ ನೋಡುತ್ತಿರಿ. ಕಂಬಕ್ಕೂ ಮ್ಯಾಟಿಗೂ ಕನಿಷ್ಠ 10 ಸೆಂಟಿಮೀಟರ್ ಅಂತರ ಬಿಡಿ, ಇಲ್ಲದಿದ್ದರೆ ಹುಡುಗಿ ಚೆನ್ನಾಗಿ ದಾಟಿದರೂ ಮ್ಯಾಟ್ ಅಲುಗಿ ಕಂಬಕ್ಕೆ ತಾಗಿ ಬಾರ್ ಬೀಳುತ್ತದೆ.

ಬಾರ್ 4 ಮೀಟರಿನದು, ತೂಕ 2 ಕಿಲೋ ಮೀರಬಾರದು, ನಡುವಿನ ಜೋತು 2 ಸೆಂಟಿಮೀಟರ್ ಒಳಗಿರಬೇಕು. ಒಂದು ಬದಿಗೆ ಗುರುತು ಹಾಕಿ, ಪ್ರತಿ ಸಲ ಅದೇ ಬದಿ ಮೇಲೆ ಬರುವಂತೆ ಇಡಿ. ಬಾಗಿದ ಬಾರನ್ನು ತಿರುಗಿಸಿ ಇಟ್ಟರೆ 1.45 ಅನ್ನುವುದೇ ಬದಲಾಗಿಬಿಡುತ್ತದೆ. ಎತ್ತರವನ್ನು ಕಂಬದ ಅಂಕಿ ನೋಡಿ ನಂಬಬೇಡಿ, ನೆಲದಿಂದ ಬಾರಿನ ಮೇಲ್ಮೈಯ ಅತಿ ತಗ್ಗಿನ ಜಾಗಕ್ಕೆ, ಅಂದರೆ ನಡುಭಾಗಕ್ಕೆ, ನೇರವಾಗಿ ಅಳೆಯಿರಿ. ಹೆದರುವ ಹುಡುಗಿಯರಿಗೆ ಮೊದಲ ವಾರ ಬಾರಿನ ಬದಲು ಎಲಾಸ್ಟಿಕ್ ಹಗ್ಗ ಕಟ್ಟಿ, ಮೇಲೆ ಬಿದ್ದರೂ ನೋವಾಗುವುದಿಲ್ಲ.

ಜೂನ್ ಬಂದರೆ ಮಳೆ. ನೀರು ಕುಡಿದ ಫೋಮ್ ಭಾರವಾಗಿ ತಳದಲ್ಲಿ ಗಟ್ಟಿಯಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು. ಕೆಳಗೆ ಮರದ ಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ಒದ್ದೆ ಸಿಂಥೆಟಿಕ್ ಮೇಲೆ ಬಾಗು ಓಡಲು ಹಿಮ್ಮಡಿಯಲ್ಲೂ ಮುಳ್ಳಿರುವ ಹೈಜಂಪ್ ಸ್ಪೈಕ್ಸ್ ಬೇಕು. ಓಟದ ಸ್ಪೈಕ್ಸ್‌ಗೆ ಹಿಮ್ಮಡಿ ಮುಳ್ಳಿಲ್ಲ, ಟೇಕಾಫ್‌ನಲ್ಲಿ ಹಿಮ್ಮಡಿ ಜಾರುತ್ತದೆ. ಹೈಜಂಪ್‌ಗೆ ಮುಳ್ಳಿನ ಉದ್ದ 12 ಮಿಲಿಮೀಟರ್‌ವರೆಗೆ ನಿಯಮ ಬಿಡುತ್ತದೆ, ಬೇರೆ ಓಟಗಳಿಗೆ 9. ಆದರೂ ಮೈದಾನದವರು ಎಷ್ಟು ಉದ್ದಕ್ಕೆ ಒಪ್ಪುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಸೀಮೆಸುಣ್ಣದಲ್ಲಿ ಗುರುತು ಹಾಕುವ ಚಾಳಿ ಬಿಡಿಸಿ. ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿ ಇಲ್ಲ, ಒಂದೋ ಎರಡೋ ಗುರುತುಗಳಿಗೆ ಅಂಟುವ ಟೇಪ್ ಬಳಸಬಹುದು. ಎರಡೇ ಗುರುತು ಸಿಗುವುದರಿಂದ ಓಟದ ಶುರುವಿಗೆ ಒಂದು, ಬಾಗಿನ ಶುರುವಿಗೆ ಒಂದು ಸಾಕು. ಟೇಕಾಫ್ ಜಾಗಕ್ಕೆ ಗುರುತು ಹಾಕಿದರೆ ಹುಡುಗಿ ಅದನ್ನೇ ನೋಡಿಕೊಂಡು ತಲೆ ತಗ್ಗಿಸಿ ಓಡುತ್ತಾಳೆ.

ಕೊತ್ರೂಡ್ ಕನ್ನಡತಿ ಉತ್ತರಿಸಿದ್ದು:

ಮ್ಯಾಟ್ ಇರುವ ಮೈದಾನದಲ್ಲಿ ವಾರಕ್ಕೆ ಎರಡು ದಿನ ಜಾಗ ಸಿಕ್ಕಿದೆ. ಹಗ್ಗ ಹಿಡಿದು ಗುರುತು ಹಾಕಿದೆವು, ಬಾಗು ಸರಿಯಾಗಿ ಟೇಕಾಫ್ ಜಾಗಕ್ಕೆ ಬಂದು ಮುಟ್ಟಿತು. ಐದು ಓಟದಲ್ಲಿ ಪಾದ 12 ಸೆಂಟಿಮೀಟರ್ ಒಳಗೇ ಬಿತ್ತು. ಆದರೆ 1.48ರಲ್ಲಿ ಆರರಲ್ಲಿ ಐದು ಸಲ ಬಾರ್ ಬಿದ್ದಿದ್ದು ಕುಂಡೆ ತಾಗಿ, ಒಂದು ಸಲ ಹಿಮ್ಮಡಿ ತಾಗಿ. ಭುಜ ಒಮ್ಮೆಯೂ ತಾಗಲಿಲ್ಲ. ಇದಕ್ಕೆ ಏನು ಮಾಡಬೇಕು ಅಣ್ಣಾ?

ಧಾರವಾಡದ ಗಾಳಿ ಉತ್ತರಿಸಿದ್ದು:

ಛಲೋ ಬರದ್ರಿ ಅಕ್ಕಾರ, ಎಲ್ಲಿ ತಾಗಿತು ಅನ್ನೋದ ಅರ್ಧ ಉತ್ತರ. ಏರೋವಾಗ ಭುಜ ತಾಗಿದ್ರ ಟೇಕಾಫ್ ಬಾರಿಗೆ ಭಾಳ ಹತ್ತಿರ, ಇಲ್ಲಾ ಬಾರಿನ ಕಡೆ ವಾಲ್ಯಾಳ. ಕುಂಡಿ ತಾಗಿದ್ರ ಎರಡು ಕಾರಣ. ಒಂದು, ಟೇಕಾಫ್ ದೂರ ಆಗಿ, ಹಾರಾಟದ ತುದಿ ಬಾರಿಗಿಂತ ಮೊದಲೇ ಬಂದು, ಬಾರಿನ ಮ್ಯಾಲ ಬರೋವಾಗ ಇಳಿಯಾಕತ್ತಿರ್ತಾಳ. ಇನ್ನೊಂದು, ಬಾರ್ ದಾಟೇನೋ ಇಲ್ಲೋ ಅಂತ ನೋಡಾಕ ತಲಿ ಬ್ಯಾಗ ಎತ್ತತಾಳ. ತಲಿ ಎತ್ತಿದ ಕೂಡಲೇ ಸೊಂಟ ಕುಸಿಯತೈತಿ, ಇದಕ್ಕ ಔಷಧ ಗುರುತಿನಾಗ ಇಲ್ಲ.

ಯಾವುದು ಅಂತ ಹೆಂಗ ಕಂಡುಹಿಡೀಬೇಕು? ಮೊಬೈಲ್ ಕಂಬದ ಪಕ್ಕದಾಗ, ಬಾರಿನ ಎತ್ತರಕ್ಕ, ಬಾರಿನ ಉದ್ದಕ್ಕ ನೋಡೋ ಹಂಗ ಇಡ್ರಿ. ನಿಧಾನ ಮಾಡಿ ನೋಡಿದ್ರ ಸೊಂಟ ಅತಿ ಎತ್ತರಕ್ಕ ಬಂದಾಗ ಅದು ಬಾರಿನ ಈ ಕಡೆ ಐತೋ, ನೆಟ್ಟಗ ಮ್ಯಾಲ ಐತೋ ಕಾಣತೈತಿ. ಈ ಕಡೆ ಇದ್ರ ಎರಡೂ ಗುರುತು 10 ಸೆಂಟಿಮೀಟರ್ ಮುಂದ ತರ್ರಿ, ಮತ್ತ ಐದು ಸಲ ನೋಡ್ರಿ. ನೆಟ್ಟಗ ಮ್ಯಾಲ ಇದ್ದು, ಆದ್ರೂ ತಾಗಿದ್ರ ತಲಿ ದೋಷ. ಆಗ ಓಟ ಬಿಡಿಸಿ, ಮ್ಯಾಟಿಗೆ ಬೆನ್ನು ಮಾಡಿ ಗಟ್ಟಿ ಪೆಟಗಿ ಮ್ಯಾಲ ನಿಂದರಿಸಿ, ಎರಡೂ ಕಾಲಿನಿಂದ ಹಿಂದಕ್ಕ ಜಿಗಿಸಿ ಎಲಾಸ್ಟಿಕ್ ದಾಟಿಸ್ರಿ. ಸೊಂಟ ದಾಟೋತನಕ ಕಣ್ಣು ಆಕಾಶದ ಕಡೆ, ದಾಟಿದ ಮ್ಯಾಲ ಗದ್ದ ಎದಿಗೆ. ಗದ್ದ ಎದಿಗೆ ಬಂದ್ರ ಕಾಲು ತಾನ ಮ್ಯಾಲ ಏಳತಾವ, ಆ ಒಂದು ಸಲದ ಹಿಮ್ಮಡಿ ತಾಗೋದೂ ಹೋಗತೈತಿ. ಒಂದು ದಿನಕ್ಕ ಹತ್ತು ಸಲ ಸಾಕು.

ಪೂರಾ ಓಟದ ಹಾರಾಟ ಒಂದು ದಿನಕ್ಕ 12ರಿಂದ 15, ಅದರ ಮ್ಯಾಲ ಬ್ಯಾಡ. ದಣಿದ ಕಾಲು ಕೊನೀ ಹೆಜ್ಜಿಯಾಗ ಮೊಣಕಾಲು ಕುಸಿಯತೈತಿ, ಆಗ ಕಲಿಯೋದೆಲ್ಲಾ ತಪ್ಪು.

ಮಾಟುಂಗಾ ರೋಡ್ ಉತ್ತರಿಸಿದ್ದು:

ಎತ್ತರದ ಪ್ರಶ್ನೆ ಬಾಕಿ ಉಳಿದಿದೆ. ಆ ಹುಡುಗಿಗೆ ಅಂತೊನಿಯೆತ್ತಾ ದಿ ಮಾರ್ತಿನೊ ಹೆಸರು ಹೇಳಿ. ಸಿಮೆಯೋನಿಯ 2.01 ಇಟಲಿಯಲ್ಲಿ 1978ರಿಂದ 2007ರವರೆಗೆ ಉಳಿದಿತ್ತು, ಅದನ್ನು ಮುರಿದವರು ಅವರು. ಅವರ ಎತ್ತರ 1.69 ಅಷ್ಟೇ. ಮೊದಲು ಹೆಪ್ಟಥ್ಲಾನ್ (ಏಳು ಸ್ಪರ್ಧೆಗಳ ಕೂಟ) ಆಡುತ್ತಿದ್ದರು. 2007ರಲ್ಲಿ 2.02, ಆಮೇಲೆ 2.03, ಅದೇ ವರ್ಷ ಒಸಾಕಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2.03 ಹಾರಿ ಬೆಳ್ಳಿ. 2011ರಲ್ಲಿ ಸ್ಲೊವಾಕಿಯಾದ ಬಾನ್ಸ್ಕಾ ಬಿಸ್ಟ್ರಿಟ್ಸಾದಲ್ಲಿ ಒಳಾಂಗಣದಲ್ಲಿ 2.04. ಅಂದರೆ ತಮ್ಮ ತಲೆಗಿಂತ 35 ಸೆಂಟಿಮೀಟರ್ ಮೇಲೆ. ಸಿಮೆಯೋನಿ ಹಾರಿದ್ದು ತಲೆಗಿಂತ 23 ಸೆಂಟಿಮೀಟರ್ ಮೇಲೆ.

ಲೆಕ್ಕ ಹೀಗೆ ಮಾಡಿ ತೋರಿಸಿ. ಟೇಕಾಫ್ ಬಿಡುವ ಗಳಿಗೆಯಲ್ಲಿ, ಕೈ ಮತ್ತು ಮೊಣಕಾಲು ಮೇಲೆದ್ದಿರುವಾಗ, ದೇಹದ ಗುರುತ್ವ ಕೇಂದ್ರ ಸುಮಾರು ಎತ್ತರದ 70 ಶೇಕಡಾ ಜಾಗದಲ್ಲಿರುತ್ತದೆ ಅಂದುಕೊಳ್ಳಿ. ಅದು ಬಾರಿಗಿಂತ 5 ಸೆಂಟಿಮೀಟರ್ ಮೇಲೆ ಹೋಗಬೇಕು ಅಂತಲೂ ಇಟ್ಟುಕೊಳ್ಳಿ. ಸಿಮೆಯೋನಿಯ ಕೇಂದ್ರ 1.25ರಿಂದ 2.06ಕ್ಕೆ ಏರಬೇಕು, ಅದಕ್ಕೆ ಸೆಕೆಂಡಿಗೆ ಸುಮಾರು 4.0 ಮೀಟರ್ ಮೇಲ್ಮುಖ ವೇಗ ಬೇಕು. ದಿ ಮಾರ್ತಿನೊಗೆ 1.18ರಿಂದ 2.09, ಸುಮಾರು 4.2. ನಿಮ್ಮ ಹುಡುಗಿ 1.45 ದಾಟುವಾಗ 1.13ರಿಂದ 1.50, ಅಂದರೆ ಸುಮಾರು 2.7.

ಈಗ ಅವಳು ರಾತ್ರೋರಾತ್ರಿ 1.78 ಎತ್ತರ ಆದಳು ಅನ್ನಿ, ವೇಗ ಅದೇ. 16 ಸೆಂಟಿಮೀಟರ್ ಬೆಳೆದರೂ ಕೇಂದ್ರ ಮೇಲೇರುವುದು 11 ಸೆಂಟಿಮೀಟರ್ ಮಾತ್ರ. ಹಾರುವುದು 1.56. ಅದೇ 1.62ರಲ್ಲೇ ಉಳಿದು ಮೇಲ್ಮುಖ ವೇಗವನ್ನು 2.7ರಿಂದ 3.2ಕ್ಕೆ ತಂದರೆ 1.60 ದಾಟುತ್ತಾಳೆ. ಬೆಳೆಯುವುದು ನಮ್ಮ ಕೈಯಲ್ಲಿಲ್ಲ, ಆ ಅರ್ಧ ಮೀಟರ್ ವೇಗ ಇದೆ. ಅದು ಬರುವುದು ಮೇಲೆ ಅಣ್ಣ ಹೇಳಿದ ಬಾಗಿನ ಓಟದಿಂದ, ಕೊನೆಯ ಎರಡು ಹೆಜ್ಜೆಯಲ್ಲಿ ನಿಧಾನ ಆಗದೆ ಇರುವುದರಿಂದ. ಕೊನೆಯಿಂದ ಎರಡನೆಯ ಹೆಜ್ಜೆ ಸ್ವಲ್ಪ ಉದ್ದ, ಪಾದ ಪೂರ್ತಿ ನೆಲಕ್ಕೆ, ಸೊಂಟ ತುಸು ತಗ್ಗಿ. ಕೊನೆಯದು ಗಿಡ್ಡ ಮತ್ತು ಚುರುಕು.

ನಮ್ಮ ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ 1.92 ಹಾರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. 1976ರಲ್ಲಿ ಸಿಮೆಯೋನಿಗೆ ಬೆಳ್ಳಿ ತಂದ ಎತ್ತರಕ್ಕಿಂತ ಅದು ಒಂದು ಸೆಂಟಿಮೀಟರ್ ಹೆಚ್ಚು. ಇದನ್ನೂ ಹುಡುಗಿಯರಿಗೆ ಹೇಳಿ, ಮನೆಯ ಗೋಡೆಯ ಮೇಲೆ 1.92ಕ್ಕೆ ಒಂದು ಗೆರೆ ಎಳೆದು ತೋರಿಸಿ.

ಕೊತ್ರೂಡ್ ಕನ್ನಡತಿ ಉತ್ತರಿಸಿದ್ದು:

ಮೊಬೈಲ್ ಇಟ್ಟು ನೋಡಿದೆವು. ಸೊಂಟ ಬಾರಿನ ನೆಟ್ಟಗೆ ಮೇಲೇ ಇತ್ತು, ತಲೆಯದೇ ದೋಷ. ಪೆಟ್ಟಿಗೆಯಿಂದ ಹಿಂದಕ್ಕೆ ಜಿಗಿಯುವ ಅಭ್ಯಾಸ ಎರಡು ದಿನ ಮಾಡಿಸಿದ ಮೇಲೆ 1.48 ಎರಡನೇ ಯತ್ನದಲ್ಲಿ ದಾಟಿದಳು, ಬಾರ್ ಅಲುಗಲೂ ಇಲ್ಲ. ಗುರುತುಗಳನ್ನು ಮುಟ್ಟಿಲ್ಲ. ಮುಂದಿನ ವಾರ ಬಾರ್ 1.50ಕ್ಕೆ ಇಡುತ್ತೇವೆ.